ಬಸವಣ್ಣನ ವಾರದ ಮರುದಿನ

ಆ ಮಂಗಳವಾರ ಬೆಳಗ್ಗೆ ಆರಿದ್ರಾ ಮಳೆ ಜರಡಿಯಲ್ಲಿ ಹಿಟ್ಟು ಸೋಸಿದ ಹಾಗೆ ಸಣ್ಣಗೆ ಇಳಿಯುತ್ತಿತ್ತು. ಗಾಳಿ ಇರಲಿಲ್ಲ. ಹಾನಗಲ್ಲಿನ ಬಸ್ ನಿಲ್ದಾಣದ ತಗಡಿನ ಮೇಲೆ ಸದ್ದು ಮಾಡದೆ ಬೀಳುವ ಇಂಥ ಮಳೆಯನ್ನು ನಮ್ಮ ಕಡೆಯ ಹಿರಿಯರು ದೇವರು ಕೈಯಾರೆ ಚಿಮುಕಿಸಿದ ತೀರ್ಥವೆಂದು ತಿಳಿದು, ತಲೆಯ ಮೇಲೆ ಬೀಳಲು ಬಿಟ್ಟು ನಡೆಯುತ್ತಾರೆ. ಹಾಲೇಶ ಕೊಡೆ ಬಿಚ್ಚಿದ. ಅದನ್ನೂ ತಲೆಗೆ ಹಿಡಿಯಲಿಲ್ಲ, ಬಗಲಲ್ಲಿದ್ದ ಲ್ಯಾಪ್‌ಟಾಪ್ ಚೀಲಕ್ಕೆ ಹಿಡಿದ.

ಹಾಲೇಶ ಶಿಗ್ಗಾಂವದವನು. ಹೆದ್ದಾರಿ ಪಕ್ಕದ ಒಂದು ಮಾಳಿಗೆಯ ಮೇಲೆ ಅವನ ಅಂಗಡಿ. ಸೊಸೈಟಿಗಳಿಗೆ, ಗೊಬ್ಬರದ ಅಂಗಡಿಗಳಿಗೆ, ಅಕ್ಕಿ ಗಿರಣಿಗಳಿಗೆ ಬಿಲ್ ಮಾಡುವ ಪ್ರೋಗ್ರಾಂ ಹಾಕಿಕೊಟ್ಟು, ಅದು ಕೆಟ್ಟಾಗ ಹೋಗಿ ನೋಡುವುದು ಅವನ ಕಸುಬು. ಕಸುಬಿನಲ್ಲಿ ಜಾಣನೇ. ಆದರೆ ಜಾಣತನದ ಬೆನ್ನಿಗೆ ಒಂದು ಕೆಟ್ಟ ರುಚಿಯೂ ಹತ್ತಿತ್ತು. ಎದುರಿಗಿರುವವರು ದಡ್ಡರೆಂದು ತಿಳಿದಾಗ ನಾಲಿಗೆಗೆ ಸಿಗುವ ರುಚಿ ಅದು. ಸವಣೂರಿನವರು ವೀಳ್ಯದೆಲೆಯ ಪಿಂಡಿಗೆ ನೀರು ಚಿಮುಕಿಸಿದ ಕೈಯಲ್ಲೇ ಕೀಬೋರ್ಡ್ ಒತ್ತುತ್ತಾರೆ, ಹಿರೇಕೆರೂರಿನವರು ಗೋವಿನಜೋಳದ ಧೂಳು ತೆಗೆಯಲು ಪರದೆಯನ್ನು ಹಸಿ ಬಟ್ಟೆಯಲ್ಲಿ ತಿಕ್ಕುತ್ತಾರೆ, ಹಾನಗಲ್ಲಿನವರಂತೂ ಪ್ರಿಂಟರಿಗೆ ವಿಭೂತಿ ಬಳಿಯುತ್ತಾರೆ ಎಂದು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರಿಗೆಲ್ಲ ಹೇಳುತ್ತಿದ್ದ. ಕೇಳಿದವರು ನಗುತ್ತಿದ್ದರು. ತಮ್ಮ ಊರಿನ ಸರದಿ ಬಂದಾಗ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು.

ಆ ದಿನ ಅವನನ್ನು ಕರೆಸಿದ್ದು ಆಡೂರು ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಸಹಕಾರಿ ಸಂಘ. ಹಳ್ಳಿಯ ಹೆಸರು ಈ ಕಥೆಗೆ ಬೇಡ. ಭತ್ತಕ್ಕೆ ಮೇಲುಗೊಬ್ಬರ ಕೊಡುವ ಹೊತ್ತು. ಯೂರಿಯಾ ಬಂದು ಗೋದಾಮಿನಲ್ಲಿ ಬಿದ್ದಿದೆ, ಕಟ್ಟೆಯ ಮೇಲೆ ಜನ ನಿಂತಿದ್ದಾರೆ, ಬಿಲ್ಲು ಮಾತ್ರ ಆಗುತ್ತಿಲ್ಲ ಎಂದು ಸಂಘದ ಅಧ್ಯಕ್ಷ ಕರಬಸಪ್ಪನವರು ಬೆಳಗ್ಗೆಯೇ ಫೋನು ಮಾಡಿದ್ದರು.

ಅಲ್ಲಿ ಎರಡು ಯಂತ್ರಗಳಿದ್ದವು. ಒಂದು ಕೌಂಟರಿನದು. ಅದರ ಮುಂದೆ ಆಪರೇಟರ್ ಮುಮ್ತಾಜಬೇಗಂ ಕುಳಿತು ಬಿಲ್ಲು ಮಾಡುತ್ತಿದ್ದಳು. ಇನ್ನೊಂದು ಒಳಕೋಣೆಯದು. ಎಲ್ಲರೂ ಅದನ್ನು ದೊಡ್ಡ ಮಷಿನ್ ಎನ್ನುತ್ತಿದ್ದರು. ಕೌಂಟರಿನದು ಬರೀ ಬಾಯಿ. ಯಾರ ಹೊಲ ಎಷ್ಟು, ಯಾರು ಎಷ್ಟು ಚೀಲ ಒಯ್ದರು ಎಂಬ ನೆನಪೆಲ್ಲ ದೊಡ್ಡ ಮಷಿನ್ನಿನ ಡೇಟಾಬೇಸಿನಲ್ಲಿ. ಬಾಯಿ ಕೇಳಬೇಕು, ನೆನಪು ಹೇಳಬೇಕು. ಯಾರನ್ನು ಕೇಳಬೇಕೆಂದು ಗೊತ್ತಾಗಲು ಒಂದೊಂದು ಯಂತ್ರಕ್ಕೂ ಒಂದೊಂದು ನಂಬರು. ಆ ನಂಬರು ಹಂಚುವುದು ಗೋಡೆಗೆ ಬಡಿದ ವೈಫೈ ಡಬ್ಬಿ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಸೋಮವಾರ ಬಸವಣ್ಣನ ವಾರ. ಆ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆ ಸಂಘಕ್ಕೂ ಸೋಮವಾರವೇ ಸೂಟಿ. ದುಡಿಯುವುದು ಯಾವುದಾದರೇನು, ವಾರಕ್ಕೊಮ್ಮೆ ಅದರ ಹೆಗಲು ಆರಬೇಕು ಎಂದು ಕರಬಸಪ್ಪನವರು ರವಿವಾರ ಸಂಜೆ ಯಂತ್ರಗಳನ್ನೂ ಗೋಡೆಯ ಡಬ್ಬಿಯನ್ನೂ ಬುಡಸಮೇತ ಬಂದ್ ಮಾಡಿಸುತ್ತಿದ್ದರು. ಮಂಗಳವಾರ ಬೆಳಗ್ಗೆ ಸಂಘದ ಜವಾನ ಚೌಡಪ್ಪಜ್ಜ ಮೊದಲು ಡಬ್ಬಿ ಹಚ್ಚಿ, ಅದರ ಬೆನ್ನಿಗೇ ದೊಡ್ಡ ಮಷಿನ್ನನ್ನು ಎಬ್ಬಿಸಿ, ಅದಕ್ಕೆ ಊದಿನಕಡ್ಡಿ ಬೆಳಗಿ, ಹೂವು ಇಟ್ಟ ಮೇಲೆಯೇ ಉಳಿದದ್ದೆಲ್ಲ. ಹಿರಿಯರಿಗೆ ಮೊದಲು ಎಂಬುದು ಅವನ ಲೆಕ್ಕ.

ಹಾಲೇಶ ಒಳಗೆ ಬಂದಾಗ ಕರಬಸಪ್ಪನವರು ಎದ್ದು ನಿಂತರು. ಎಂಜಿನಿಯರ್ ಸಾಹೇಬರಿಗೆ ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಹಾಲೇಶನ ಅಪ್ಪ ಇಂಥದ್ದೇ ಒಂದು ಸೊಸೈಟಿಯಲ್ಲಿ ಚೀಲ ಹೊತ್ತವನು. ಅವನನ್ನು ಯಾರೂ ಹೊಸ್ತಿಲ ಒಳಗೆ ಕರೆದಿರಲಿಲ್ಲ. ಮಗನಿಗೆ ಕುರ್ಚಿ ಸಿಕ್ಕಿತು. ಸಿಕ್ಕ ಕುರ್ಚಿಯಲ್ಲಿ ಅವನು ಕಾಲಿನ ಮೇಲೆ ಕಾಲು ಹಾಕಿ ಕುಳಿತ ರೀತಿ ನೋಡಿದರೆ, ಅದರಿಂದ ಎದ್ದು ಯಾರಿಗಾದರೂ ಜಾಗ ಕೊಡುವ ಆಸಾಮಿಯಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ದೊಡ್ಡ ಮಷಿನ್ನಿನ ನೆತ್ತಿಯ ಮೇಲೆ ದಾಸವಾಳವಿತ್ತು. ಅಧ್ಯಕ್ಷರಿಗೆ ಹೇಳುವ ಧೈರ್ಯವಿಲ್ಲದ್ದರಿಂದ ಹಾಲೇಶ ಚೌಡಪ್ಪಜ್ಜನಿಗೆ ಹೇಳಿದ.

"ಎತ್ತಿಗೆ ಕೊಟ್ಟಂಗ ಇದಕ್ಕೂ ಸೂಟಿ ಕೊಡ್ತೀರಿ. ಮುಂದಿನ ವಾರ ಒಂದ್ ಬುಟ್ಟಿ ಹಿಂಡಿ ನೆನಸಿ ಇಡ್ರಿ."

"ಹಿಂಡಿ ತಿಂದ್ರ ಸಗಣಿ ಹಾಕ್ತಿತ್ತಲ್ರಿ ಸಾಹೇಬ್ರ," ಅಂದ ಚೌಡಪ್ಪಜ್ಜ. "ತಿಪ್ಪಿಗೆರ ಆಗ್ತಿತ್ತು."

ಕಟ್ಟೆಯ ಮೇಲೆ ನಿಂತವರು ನಕ್ಕರು. ಹಾಲೇಶನಿಗೆ ಆ ನಗು ತಾಗಿತು. ತಾಗಿದ ಸಿಟ್ಟನ್ನು ಚೌಡಪ್ಪಜ್ಜನ ಮೇಲೆ ತೀರಿಸಲು ಬರುವಂತಿರಲಿಲ್ಲ, ಅದು ಬೇರೆ ಜಾಗ ಹುಡುಕುತ್ತಿತ್ತು.

ಕೌಂಟರಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಸಂದೇಶ ನಿಂತಿತ್ತು. ಮೊದಲ ಸಾಲು ಓದಿದ. ಸರ್ವರಿಗೆ ಸಂಪರ್ಕ ಸಿಗಲಿಲ್ಲ ಎಂದಿತ್ತು. ಉಳಿದದ್ದು ಗೊತ್ತಿರುವುದೇ ಎಂದು ಮುಚ್ಚಿಬಿಟ್ಟ. ಕಪ್ಪು ಕಿಟಕಿಯೊಂದನ್ನು ತೆರೆದು ದೊಡ್ಡ ಮಷಿನ್ನಿನ ನಂಬರಿಗೆ ಪಿಂಗ್ ಹೊಡೆದ. ಪಿಂಗ್ ಎಂದರೆ ಮನೆಯ ಮುಂದೆ ನಿಂತು ಇದ್ದೀರೇನು ಎಂದು ಕೂಗುವುದು. ಒಳಗಿಂದ ಇದ್ದೇನೆ, ಇದ್ದೇನೆ ಎಂದು ಸಾಲು ಸಾಲಾಗಿ ಉತ್ತರ ಬಂತು. ಅಲ್ಲಿಗೆ ತಂತಿ ಸರಿ, ಡಬ್ಬಿ ಸರಿ, ದೊಡ್ಡ ಮಷಿನ್ ಸರಿ. ಆದರೂ ಡೇಟಾಬೇಸ್ ಬಾಗಿಲು ತೆಗೆಯುತ್ತಿಲ್ಲವೆಂದರೆ ಕೀಲಿ ಬದಲಾಗಿರಬೇಕು. ಡೇಟಾಬೇಸಿನ ಕೀಲಿ ಪಾಸ್‌ವರ್ಡು. ಅದು ಗೊತ್ತಿದ್ದುದು ಇಬ್ಬರಿಗೇ, ಅವನಿಗೆ ಮತ್ತು ಮುಮ್ತಾಜಬೇಗಂಗೆ. ಅವನು ಬದಲಿಸಿರಲಿಲ್ಲ.

ಮನುಷ್ಯನ ಬುದ್ಧಿ ಎಷ್ಟು ನೆಟ್ಟಗೆ ನಡೆದು ಹೋಗಿ ಹಳ್ಳಕ್ಕೆ ಬೀಳುತ್ತದೆ ಎಂಬುದನ್ನು ದೇವರು ಮೇಲಿನಿಂದ ನೋಡುತ್ತಿರುತ್ತಾನೆ. ತಡೆಯುವುದಿಲ್ಲ.

"ಪಾಸ್‌ವರ್ಡ್ ಯಾಕ ಬದಲಿ ಮಾಡಿದ್ರಿ ಬಾಯಾರ?" ಎಂದು ಹಾಲೇಶ ಕೇಳಿದ. ಮೆಲ್ಲಗೆ ಕೇಳಲಿಲ್ಲ, ಕಟ್ಟೆಯವರಿಗೂ ಕೇಳುವ ಹಾಗೆ ಕೇಳಿದ.

"ನಾ ಮುಟ್ಟಿಲ್ರಿ," ಅಂದಳು ಮುಮ್ತಾಜಬೇಗಂ.

"ಯಾರೂ ಮುಟ್ಟಿಲ್ಲಂತಾರ. ಮಷಿನ್ ತಾನ ಎದ್ದ ಬದಲಿ ಮಾಡ್ಕೊಂತೇನ್ರಿ?"

ಮುಮ್ತಾಜಬೇಗಂ ಸವಣೂರಿನವಳು, ಮದುವೆಯಾಗಿ ಈ ಊರಿಗೆ ಬಂದವಳು. ಗಂಡ ಲಾರಿಯ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ ಮೇಲೆ ಈ ಕೌಂಟರಿನ ಕುರ್ಚಿಯೇ ಆ ಮನೆಯ ಒಲೆ. ಇದು ಕರಬಸಪ್ಪನವರಿಗೂ ಗೊತ್ತಿತ್ತು. ಅವರ ತಂಗಿಯ ಮಗಳು ಶೀಲಾ ಶಿಗ್ಗಾಂವದಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಮನೆಯಲ್ಲಿ ಕುಳಿತಿದ್ದಾಳೆ ಎಂಬುದೂ ಊರಿಗೆಲ್ಲ ಗೊತ್ತಿತ್ತು. ಎತ್ತಿಗೆ, ಯಂತ್ರಕ್ಕೆ, ಕಡೆಗೆ ಗೋಡೆಯ ಡಬ್ಬಿಗೂ ದಯೆ ತೋರುವ ಆ ಪುಣ್ಯಾತ್ಮರು ಈಗ ಗಂಟಲು ಸರಿಮಾಡಿಕೊಂಡರು. ತಮಗೆ ಮೊದಲಿಂದ ಅನುಮಾನವಿತ್ತೆಂದು ಹೇಳಿದರು. ಸಂಜೆ ಹೇಗೂ ಕಮಿಟಿ ಕೂಡುತ್ತದೆ, ಎಂಜಿನಿಯರ್ ಸಾಹೇಬರು ಅಲ್ಲಿ ಇದೇ ಮಾತನ್ನು ಪಂಚರ ಎದುರು ಹೇಳಿಬಿಟ್ಟರೆ ನಾಳೆಯಿಂದ ಶೀಲಾ ಬಂದು ಕೂಡುತ್ತಾಳೆ ಎಂದರು. ಹಾಲೇಶ ಹೇಳುತ್ತೇನೆಂದ. ಒಬ್ಬಳ ಮನೆಯ ಒಲೆ ಆರಿಸುವ ಮಾತಿಗೆ ಅವನು ಚಹಾದ ಗುಟುಕಿನಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ.

"ಚಾವಿ ಇಲ್ಲಿ ಕೊಡ್ರಿ," ಎಂದು ಮುಮ್ತಾಜಬೇಗಂ ಕಡೆಗೆ ಕೈ ಚಾಚಿದ. ಕೌಂಟರಿನ ಬಾಗಿಲಿನದು ಆ ಚಾವಿ. "ನಾ ಹೇಳೂತನಕ ಒಳಗ ಬರಬ್ಯಾಡ್ರಿ."

ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಮಷಿನ್ನಿಗೆ ಏನಾಗೇತಿ ಅಂತ ನೋಡಾಕ ಕರಿಸಿದ್ವಿ. ನೀವು ಮಂದಿನ್ನ ನೋಡಾಕತ್ತೀರಿ," ಎಂದು ಹೊರಗೆ ಹೋಗಿ ಗೊಬ್ಬರದ ಚೀಲಗಳ ಪಕ್ಕ ನಿಂತಳು.

ಹಾಲೇಶ ಚಾವಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕುಳಿತ. ಒಳಕೋಣೆಗೆ ಹೋಗಿ, ದೊಡ್ಡ ಮಷಿನ್ನಿನಲ್ಲಿ ಹಳೆಯ ಪಾಸ್‌ವರ್ಡು ನಡೆಯುತ್ತದೋ ಇಲ್ಲವೋ ಎಂದು ಕೂಡ ನೋಡದೆ ಹೊಸದನ್ನು ಹಾಕಿದ. ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ತನ್ನ ಮಾತಿನ ಮೇಲೆ ಅಷ್ಟು ಭಕ್ತಿ ಇದ್ದವನು ಯಾಕೆ ನೋಡುತ್ತಾನೆ. ಹೊಸ ಪಾಸ್‌ವರ್ಡನ್ನು ಕೌಂಟರಿನ ಪ್ರೋಗ್ರಾಮಿಗೆ ಹೇಳಿ ಗುಂಡಿ ಒತ್ತಿದ. ಅದೇ ಸಂದೇಶ ಬಂತು.

ಎರಡೂ ಯಂತ್ರಗಳನ್ನು ಬಂದ್ ಮಾಡಿ ಹಚ್ಚಿದ. ಅದೇ ಸಂದೇಶ. ವೈರಸ್ ಕಾಯುವ ಪ್ರೋಗ್ರಾಮನ್ನು ಮಲಗಿಸಿದ, ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದ. ಸಂದೇಶ ಕದಲಲಿಲ್ಲ. ಪಿಂಗ್ ಮಾತ್ರ ಇದ್ದೇನೆ, ಇದ್ದೇನೆ ಎನ್ನುತ್ತಲೇ ಇತ್ತು. ಹೊರಗೆ ಮಳೆ ಹಾಗೆಯೇ ಸೋಸುತ್ತಿತ್ತು. ಹೊಲದ ಕೆಲಸ ಬಿಟ್ಟು ಬಂದವರ ಮಾತುಗಳು ಕೌಂಟರಿನ ಕಂಡಿಯಿಂದ ಒಳಗೆ ಬರತೊಡಗಿದವು. ಬಾಯಾರನ್ನು ಹೊರಗೆ ಹಾಕಿದ ಮೇಲೂ ಯಾಕೆ ಆಗಲಿಲ್ಲ ಎಂದು ಒಬ್ಬ ಕೇಳಿದ. ಅವಳು ಮಾಟ ಮಾಡಿ ಹೋಗಿರಬೇಕು, ಎಂಜಿನಿಯರಿಗೆ ನಿಂಬೆಹಣ್ಣು ತಂದುಕೊಡೋಣವೇ ಎಂದು ಇನ್ನೊಬ್ಬ ಕೇಳಿದ. ಹಾಲೇಶ ಬೆವರು ಒರೆಸಿಕೊಂಡು, ಆಕೆ ಪಾಸ್‌ವರ್ಡ್ ಅಷ್ಟೇ ಅಲ್ಲ, ಒಳಗೆ ಇನ್ನೂ ಏನೇನೋ ಕೆಡಿಸಿಟ್ಟಿದ್ದಾಳೆ ಎಂದು ಅಧ್ಯಕ್ಷರಿಗೆ ಹೇಳಿದ. ಒಂದು ಸುಳ್ಳು ಕುಂಟತೊಡಗಿದಾಗ ಅದಕ್ಕೆ ಊರುಗೋಲಾಗಿ ಇನ್ನೊಂದನ್ನು ಕೊಡುವುದು ಓದಿದವರಿಗೂ ಬಿಡದ ಚಟ.

ಮಧ್ಯಾಹ್ನ ಕರಬಸಪ್ಪನವರು ಊಟಕ್ಕೆಂದು ಎದ್ದರು. ಜೇಬಿನಲ್ಲಿ ಹೊಸ ಫೋನಿತ್ತು. ಮಗ ಸುದೀಪ ಹುಬ್ಬಳ್ಳಿಯಿಂದ ತಂದುಕೊಟ್ಟದ್ದು. ಆ ಬೆಳಗ್ಗೆ ಅವರು ಎಲ್ಲರಿಗಿಂತ ಮುಂಚೆ ಬಂದು, ಚೌಡಪ್ಪಜ್ಜ ಹೂವು ಹರಿಯಲು ಹೋಗಿದ್ದಾಗ ತಾವೇ ಗೋಡೆಯ ಡಬ್ಬಿ ಹಚ್ಚಿಕೊಂಡು, ಫೋನಿನಲ್ಲಿ ಪ್ರವಚನ ಕೇಳುತ್ತ ಕುಳಿತಿದ್ದರಂತೆ. ಬೆಳಗಿನಿಂದ ಬಂದವರಿಗೆಲ್ಲ ಪ್ರವಚನದ ಸಾರವನ್ನೂ ಫೋನಿನ ಧ್ವನಿಯ ಸೊಗಸನ್ನೂ ವರ್ಣಿಸಿದ್ದರು. ಈಗ ಕೊಡೆ ಹಿಡಿದು ಮೆಟ್ಟಿಲಿಳಿದು ಓಣಿಯ ತಿರುವು ದಾಟಿದರು.

ಕಪ್ಪು ಕಿಟಕಿಯಲ್ಲಿ ಇದ್ದೇನೆ ಎಂಬುದು ನಿಂತುಹೋಯಿತು. ಸಾಲು ಸಾಲಾಗಿ ಉತ್ತರವಿಲ್ಲ, ಉತ್ತರವಿಲ್ಲ ಎಂದು ಬಂತು.

ಹಾಲೇಶ ಹಾರಿಬಿದ್ದು ತಂತಿ ನೋಡಿದ. ಕಸಬರಿಗೆ ತಾಗಿಸಿದೆಯಾ ಎಂದು ಚೌಡಪ್ಪಜ್ಜನಿಗೆ ಗದರಿದ. ಕಸ ಹೊಡೆಯುವುದು ಬೆಳಗ್ಗೆ, ಈ ಹೊತ್ತಿನಲ್ಲಿ ಹೊಡೆದರೆ ಲಕ್ಷ್ಮಿ ಹೋಗುತ್ತಾಳೆ ಎಂದು ಚೌಡಪ್ಪಜ್ಜ ತಣ್ಣಗೆ ಹೇಳಿದ. ದೊಡ್ಡ ಮಷಿನ್ ತನ್ನ ಪಾಡಿಗೆ ಗುಂಯ್ ಎನ್ನುತ್ತ ಉರಿಯುತ್ತಿತ್ತು. ತಂತಿಗಳು ನೆಟ್ಟಗಿದ್ದವು. ಆದರೂ ಕೂಗಿಗೆ ಉತ್ತರವಿಲ್ಲ.

ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕರಬಸಪ್ಪನವರು ಹಿಂದಿರುಗಿ ಮೆಟ್ಟಿಲು ಹತ್ತಿದರು. ಕಪ್ಪು ಕಿಟಕಿ ಮತ್ತೆ ಇದ್ದೇನೆ, ಇದ್ದೇನೆ ಎಂದಿತು.

"ನೋಡ್ರಿ ಸಾಹೇಬ್ರ," ಅಂದ ಚೌಡಪ್ಪಜ್ಜ, "ಅಧ್ಯಕ್ಷರು ಬಂದ ಕೂಡ್ಲೆ ಅದಕ್ಕೂ ಜೀವ ಬಂತು."

ಅವನು ಹೇಳಿದ್ದು ಮುಖಸ್ತುತಿಗೆ. ಅಧ್ಯಕ್ಷರು ಅದನ್ನು ಹಾಗೆಯೇ ಸ್ವೀಕರಿಸಿ ಮೀಸೆಯಲ್ಲಿ ನಕ್ಕರು. ಹಾಲೇಶ ಮಾತ್ರ ನಗಲಿಲ್ಲ. ಅವನ ಕಣ್ಣು ಅಧ್ಯಕ್ಷರ ಜೇಬಿನ ಮೇಲೆ ಬಿತ್ತು. ಫೋನಿನ ವೈಫೈ ಒಂದು ಕ್ಷಣ ಬಂದ್ ಮಾಡಲು ಅವರನ್ನು ಕೇಳಿಕೊಂಡ. ಅವರು ಮಾಡಿದರು. ಉತ್ತರ ನಿಂತಿತು. ಹಚ್ಚಲು ಹೇಳಿದ. ಉತ್ತರ ಬಂತು. ಅಧ್ಯಕ್ಷರಿಗೆ ಇದು ಫೋನಿನ ಇನ್ನೊಂದು ಸೊಗಸೆಂದು ತೋರಿ, ಮತ್ತೊಮ್ಮೆ ಮಾಡಿ ನೋಡಿದರು.

ಬೆಳಗಿನಿಂದ ಅವನು ದೊಡ್ಡ ಮಷಿನ್ ಎಂದು ತಿಳಿದು ಮಾತಾಡಿಸಿದ್ದು ಕರಬಸಪ್ಪನವರ ಜೇಬನ್ನು. ಡಬ್ಬಿ ಎದ್ದಾಗ ಮೊದಲು ಬಂದು ಕೈಯೊಡ್ಡಿದ್ದು ಆ ಹೊಸ ಫೋನು. ಯಾರು ಯಾರೆಂದು ಡಬ್ಬಿಗೇನು ಗೊತ್ತು, ಮೊದಲ ನಂಬರನ್ನು ಅದಕ್ಕೇ ಕೊಟ್ಟಿತು. ತಡವಾಗಿ ಎದ್ದ ದೊಡ್ಡ ಮಷಿನ್ನಿಗೆ ಮುಂದಿನ ನಂಬರು. ಕೌಂಟರಿನ ಪ್ರೋಗ್ರಾಂ ಪಾಪ ಹಳೆಯ ನಂಬರಿನ ಬಾಗಿಲನ್ನೇ ಬಡಿಯುತ್ತಿತ್ತು. ಒಳಗೆ ಫೋನು ಕುಳಿತು ಇದ್ದೇನೆ ಎನ್ನುತ್ತಿತ್ತೇ ಹೊರತು, ಯೂರಿಯಾ ಲೆಕ್ಕ ಕೇಳಿದರೆ ಅದು ಎಲ್ಲಿಂದ ಹೇಳಬೇಕು. ಹಾಲೇಶ ಆ ಇಂಗ್ಲಿಷ್ ಸಂದೇಶವನ್ನು ಈಗ ಕೊನೆಯವರೆಗೆ ಓದಿದ. ಆ ನಂಬರಿನಲ್ಲಿ ಡೇಟಾಬೇಸಿನ ಬಾಗಿಲು ತೆಗೆಯುವವರು ಯಾರೂ ಇಲ್ಲ ಎಂದು ಅದು ಬೆಳಗಿನಿಂದ ಹೇಳುತ್ತಲೇ ಇತ್ತು. ಪಾಸ್‌ವರ್ಡಿನ ಮಾತೇ ಅದರಲ್ಲಿ ಇರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಅವನ ನೆನಪಿಗೆ ಬಂತು. ಪ್ರೋಗ್ರಾಂ ಹಾಕಿದ ದಿನ ದೊಡ್ಡ ಮಷಿನ್ನಿಗೆ ಒಂದು ನಂಬರನ್ನು ಕಾಯಂ ಮಾಡಿ ಹೋಗಬೇಕಿತ್ತು, ಬೇರೆ ಯಾರೂ ಕಸಿಯದ ಹಾಗೆ. ಅವನಿಗೆ ಅದು ಗೊತ್ತಿತ್ತು. ಶಿಗ್ಗಾಂವದ ದೊಡ್ಡ ಅಂಗಡಿಗಳಲ್ಲಿ ಮಾಡಿಯೂ ಇದ್ದ. ಇಲ್ಲಿ ಮಾಡಲಿಲ್ಲ. ಈ ಹಳ್ಳಿಯ ಮಂದಿಗೆ ಇಷ್ಟು ಸಾಕು ಎಂದುಕೊಂಡು ಎದ್ದುಹೋಗಿದ್ದ. ಅಂದಿನಿಂದ ಅವನ ಆ ಅರೆ ಕೆಲಸವನ್ನು ವಾರ ವಾರ ಕೆಡದ ಹಾಗೆ ಕಾಯ್ದದ್ದು ಚೌಡಪ್ಪಜ್ಜನ ಊದಿನಕಡ್ಡಿ. ಹಿರಿಯ ಯಂತ್ರಕ್ಕೆ ಮೊದಲು ಬೆಳಗಬೇಕೆಂಬ ಆ ಭಕ್ತಿಯಿಂದ ಮೊದಲ ನಂಬರು ಪ್ರತಿ ಮಂಗಳವಾರ ದೊಡ್ಡ ಮಷಿನ್ನಿಗೇ ಸಿಗುತ್ತಿತ್ತು. ಹಾಗಾಗುತ್ತದೆಂದು ಚೌಡಪ್ಪಜ್ಜನಿಗೆ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ನಕ್ಕದ್ದು ಯಾವುದಕ್ಕೆ, ತನ್ನ ಮಾನ ಉಳಿದದ್ದು ಯಾವುದರಿಂದ ಎಂದು ತಿಳಿದುಕೊಳ್ಳಬೇಕಾದವನು ಹಾಲೇಶ.

ಸರಿ ಮಾಡುವುದಕ್ಕೆ ಎಲೆ ಅಡಿಕೆ ಜಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಡಬ್ಬಿ ಎಂದೂ ಹಂಚದ ಒಂದು ನಂಬರನ್ನು ದೊಡ್ಡ ಮಷಿನ್ನಿಗೆ ಕಾಯಂ ಮಾಡಿದ. ಕೌಂಟರಿಗೆ ಆ ನಂಬರು ಹೇಳಿದ. ಹಳೆಯ ಪಾಸ್‌ವರ್ಡನ್ನೇ ತಿರುಗಿ ಹಾಕಿದ. ಗುಂಡಿ ಒತ್ತಿದಾಗ ಊರಿನ ಹೆಸರುಗಳೆಲ್ಲ ಪರದೆಯ ಮೇಲೆ ಬಂದು ನಿಂತವು.

ಕಟ್ಟೆಯ ಮೇಲೆ ಗದ್ದಲವಾಯಿತು. ಕರಬಸಪ್ಪನವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಶಾಬಾಸ್ ಸಾಹೇಬ್ರ. ಸಂಜೀಕ ಕಮಿಟಿಯೊಳಗ ಇದನ್ನ ಬಿಡಿಸಿ ಹೇಳ್ರಿ. ಆಕಿ ಏನೇನ್ ಕೆಡಿಸಿದ್ಲು, ನೀವು ಹೆಂಗ ಸರಿ ಮಾಡಿದ್ರಿ."

ಅವನು ಸುಮ್ಮನಿದ್ದರೆ ಸಾಕಿತ್ತು. ಕಮಿಟಿಯ ಪಂಚರಲ್ಲಿ ಯಾರಿಗೂ ನಂಬರಿನ ಗುಟ್ಟು ತಿಳಿಯುವುದಿಲ್ಲ. ಅವನ ಮಾತೇ ಮಾತು. ಹೂಂ ಎನ್ನಲು ಬಾಯಿ ತೆರೆದನೆಂದೇ ಹೇಳುತ್ತಾರೆ. ಆಗ ಕಂಡಿಯಾಚೆ ಮುಮ್ತಾಜಬೇಗಂ ಕಂಡಳು. ಬಿಲ್ಲು ಶುರುವಾಯಿತೆಂದು ತಿಳಿದು ಜನ ನುಗ್ಗತೊಡಗಿದ್ದರು. ಅವಳು ಚೀಲಗಳ ಪಕ್ಕದಿಂದಲೇ, ಬೆಳಗ್ಗೆ ಯಾರ ಹಿಂದೆ ಯಾರು ಬಂದಿದ್ದರೋ ಹಾಗೆಯೇ ಅವರನ್ನು ಸಾಲಿಗೆ ನಿಲ್ಲಿಸುತ್ತಿದ್ದಳು. ಒಬ್ಬ ಮುದುಕನನ್ನು ಮುಂದಕ್ಕೆ ಕಳಿಸಿದಳು. ತನ್ನನ್ನು ತೆಗೆದುಹಾಕಿದ ಕೆಲಸವನ್ನು ಅವಳ ಕೈ ಇನ್ನೂ ಬಿಟ್ಟಿರಲಿಲ್ಲ. ಇವನ ಕಡೆ ಅವಳು ನೋಡಲೂ ಇಲ್ಲ. ನೋಡುವಷ್ಟು ದೊಡ್ಡವನು ಅವಳ ಲೆಕ್ಕದಲ್ಲಿ ಅವನಾಗಿರಲಿಲ್ಲ.

"ಬಾಯಾರು ಏನೂ ಕೆಡಿಸಿಲ್ರಿ," ಅಂದ ಹಾಲೇಶ.

ಕರಬಸಪ್ಪನವರು ಜಗಿಯುವುದನ್ನು ನಿಲ್ಲಿಸಿದರು.

"ದೊಡ್ಡ ಮಷಿನ್ನಿನ ನಂಬರ್ ನಿಮ್ಮ ಫೋನಿಗೆ ಹೋಗಿತ್ರಿ. ಮುಂಜಾನೆ ನೀವು ಡಬ್ಬಿ ಮೊದಲ ಹಚ್ಚಿದ್ರಲ್ಲ, ಅದಕ್ಕ. ಪಾಸ್‌ವರ್ಡ್ ಯಾರೂ ಮುಟ್ಟಿಲ್ಲ."

"ಹಂಗಾರ ಮುಂಜಾನಿಂದ ಸೊಸೈಟಿ ನಾನ ಬಂದ್ ಮಾಡೇನಿ ಅಂದಂಗಾತು."

"ಇಲ್ರಿ. ನಾ ಮಾಡಿದ್ದು. ಆ ನಂಬರ್ ಪ್ರೋಗ್ರಾಂ ಹಾಕಿದ ದಿನಾನ ಗಟ್ಟಿ ಕಟ್ಟಬೇಕಿತ್ತು. ಕಟ್ಟಿದ್ದಿಲ್ಲ. ಆಮ್ಯಾಲೆ ಏನೂ ನೋಡದನ ತಪ್ಪು ಬಾಯಾರ ಮ್ಯಾಲೆ ಹಾಕಿದೆ."

ಕಂಡಿಯ ಹತ್ತಿರ ನಿಂತವರು ಹಿಂದಿನವರಿಗೆ ಮಾತು ದಾಟಿಸಿದರು. ಹಿಂದೆ ಒಬ್ಬ, ಪ್ರವಚನ ಕೇಳಿದ ಫೋನು ಪುಣ್ಯ ಗಳಿಸಿದೆ, ಸಾಲಿನ ಮುಂದೆ ಅದನ್ನೇ ನಿಲ್ಲಿಸಿ ಎಂದ. ನಗು ಕಟ್ಟೆಯಿಂದ ಇಳಿದು ಅಂಗಳದ ತನಕ ಹೋಯಿತು. ಕರಬಸಪ್ಪನವರು ನಕ್ಕವರನ್ನು ನೋಡಲಿಲ್ಲ, ಹಾಲೇಶನನ್ನೇ ನೋಡಿದರು. ಬೆಳಗ್ಗೆ ಕುರ್ಚಿ ಹಾಕಿಸಿದ ಮುಖ ಅದಾಗಿರಲಿಲ್ಲ.

"ಯಾರ ಮಗಾ ಅಂದಿದ್ದೆಪಾ ನೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದರು. ಸಂಜೆಯ ಕಮಿಟಿಗೆ ಅವನು ಬರುವ ಅಗತ್ಯವಿಲ್ಲ, ಮುಂದಿನ ವರ್ಷ ಬೇರೆ ಯಾರನ್ನಾದರೂ ನೋಡೋಣ ಎಂದು ಚೌಡಪ್ಪಜ್ಜನಿಗೆ ಹೇಳುವ ಹಾಗೆ ಹೇಳಿ, ಒಳಕೋಣೆಗೆ ಹೋದರು. ಶೀಲಾಳ ಹೆಸರು ಆ ದಿನ ಮತ್ತೆ ಬರಲಿಲ್ಲ.

ಹಾಲೇಶನ ಈ ಮಾತನ್ನು ಯಾರೂ ದೊಡ್ಡತನವೆಂದು ತಿಳಿಯಬಾರದು. ತಾನು ಬೇರೆಯವರ ತಲೆಯ ಮೇಲೆ ಇಟ್ಟ ಹೊರೆಯನ್ನು ತಾನೇ ಇಳಿಸಿದರೆ ಅದಕ್ಕೆ ಹಾರ ಹಾಕುವ ಪದ್ಧತಿ ಶಿವನ ಮನೆಯಲ್ಲೂ ಇಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವಾಗಲೂ ಅವನ ಮನಸ್ಸಿನಲ್ಲಿ ಹೋದ ಗಿರಾಕಿಯ ಸಂಕಟವೇ ಹೆಚ್ಚಿತ್ತು ಎಂದು ಬೇಕಾದರೆ ಹೇಳಬಹುದು. ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಪೂರ್ತಿ ತೊಳೆದುಹೋಗುವುದಿಲ್ಲ.

ಜೇಬಿನಲ್ಲಿದ್ದ ಚಾವಿಯನ್ನು ಅವನು ಕಂಡಿಯೊಳಗಿಂದ ಚಾಚಬಹುದಿತ್ತು, ಚೌಡಪ್ಪಜ್ಜನ ಕೈಯಲ್ಲಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಕೌಂಟರಿನ ಬಾಗಿಲು ತೆರೆದು, ಸಾಲನ್ನು ಸುತ್ತಿ, ಮಳೆಹನಿ ಬೀಳುವ ಅಂಚಿನಲ್ಲಿ ಚೀಲಗಳ ಪಕ್ಕ ನಿಂತವಳ ಹತ್ತಿರ ಹೋದ. ಚಾವಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಅಂಗೈಯಲ್ಲಿ ಇಟ್ಟ.